ಎರಡು ಸಲ ಬರೆದ ಹೆಸರು

ನನ್ನ ಹೆಂಡತಿ ನನ್ನನ್ನು ಅನುಮಾನದ ಹುಳ ಅನ್ನುತ್ತಾಳೆ. ಸಂತೆಯಲ್ಲಿ ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಮೊದಲು ನೋಡುವುದು ಬದನೆಕಾಯಿಯನ್ನಲ್ಲ, ಅವನ ಹೆಬ್ಬೆರಳನ್ನು. ಮದುವೆಯ ಕರೆಯೋಲೆ ಬಂದರೆ ಲಕೋಟೆಯ ಮೇಲೆ ನಮ್ಮ ಹೆಸರು ಮೊದಲೇ ಬರೆದದ್ದೋ, ಬೇರೆ ಯಾರದೋ ಹೆಸರು ಹೊಡೆದು ಕೊನೆಗೆ ಬರೆದದ್ದೋ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ. ಇದು ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ ಅಂತ ಅವಳ ವಾದ. ಕಸುಬಿನಿಂದ ಬಂದದ್ದು ಅಂತ ನನ್ನ ವಾದ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆ ಅನುಮಾನ ಒಂದು ಸಲ ನಮ್ಮ ಮನೆಯ ಹೊಸ್ತಿಲು ದಾಟಿ, ನಾನು ಯಾರ ಮಗ ಅನ್ನುವವರೆಗೂ ಬಂದು ನಿಂತಿತು.

ಕಸುಬು ಏನೆಂದು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಓದುವಾಗ ಸಂಜೆಯ ಕೋರ್ಸುಗಳಲ್ಲಿ ಜರ್ಮನ್ ಭಾಷೆಗೆ ಮಾತ್ರ ಸೀಟು ಖಾಲಿ ಇತ್ತು. ಖಾಲಿ ಇದ್ದ ಬಸ್ಸು ಹತ್ತಿದ ಹಾಗೆ ಹತ್ತಿದೆ. ಆಮೇಲೆ ಹದಿನೈದು ವರ್ಷ ಅದು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ಈಗ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೇನೆ. ಅಮೆರಿಕದವರಿಗೆ ತಮ್ಮ ಮುತ್ತಜ್ಜನ ಮುತ್ತಜ್ಜ ಯಾರು ಅಂತ ತಿಳಿಯುವ ಹುಚ್ಚು ಬಹಳ. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದವರ ವಂಶದವರು ಅವರಲ್ಲಿ ಅನೇಕರು. ಆ ಕಾಲದ ಚರ್ಚುಗಳ ದಫ್ತರಗಳಲ್ಲಿ ಯಾವ ಮಗು ಯಾವಾಗ ಹುಟ್ಟಿತು, ಯಾವಾಗ ದೀಕ್ಷಾಸ್ನಾನವಾಯಿತು, ಸಾಕ್ಷಿಗೆ ಯಾರು ನಿಂತಿದ್ದರು ಅನ್ನುವುದೆಲ್ಲ ಹಳೆಯ ಜರ್ಮನ್ ಕೈಬರಹದಲ್ಲಿದೆ. ಅದರ ಫೋಟೋಗಳು ನನಗೆ ಬರುತ್ತವೆ. ನಾನು ಓದಿ, ಗಿರಾಕಿ ಹೇಳುವ ವಂಶವೃಕ್ಷ ಸರಿಯೋ ಸುಳ್ಳೋ ಅಂತ ವರದಿ ಬರೆಯುತ್ತೇನೆ. ಮುಕ್ಕಾಲು ಪಾಲು ಸುಳ್ಳೇ ಇರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಅಲ್ಲಿಯೂ ಇದ್ದಾರೆ.

ಕೆಲಸದಲ್ಲಿ ಮುಳುಗಿದರೆ ನನಗೆ ಕಿವಿ ಕೇಳುವುದಿಲ್ಲ. ಮೂರು ಸಲ ಕರೆದ ಮೇಲೆಯೇ ನಾನು ಓಗೊಡುವುದು. ಅವ್ವನಿಗೆ ಒಂದು ಚಟ. ಒಳಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಾಳೆ. ಎದ್ದು ಹೋಗಿ ಏನು ಅಂದರೆ, "ಏನಿಲ್ಲ, ಸುಮ್ನ ಕರದೆ" ಅನ್ನುತ್ತಾಳೆ. ನಾನು ಚಿಕ್ಕವನಿದ್ದಾಗಿಂದಲೂ ಹೀಗೇ. ಏನು ಮಾಡುತ್ತಿದ್ದೇನೆ ಅಂತ ಕಾವಲು ಕಾಯುತ್ತಾಳೆ ಅಂತ ಮೊದಲು ಅಂದುಕೊಂಡಿದ್ದೆ. ಈಚೆಗೆ, ವಯಸ್ಸಾಯಿತು, ಕರೆದದ್ದು ಯಾಕೆ ಅಂತ ಮರೆಯುತ್ತಾಳೆ ಅಂತ ತಿಳಿದಿದ್ದೆ.

ಹೋದ ಬೇಸಿಗೆಯಲ್ಲಿ ಅಮೆರಿಕದ ಒಬ್ಬ ಹೆಂಗಸಿನ ಕೆಲಸ ಬಂತು. ತಮ್ಮ ಮನೆತನದ ಮೂಲಪುರುಷನ ದೀಕ್ಷಾಸ್ನಾನದ ದಾಖಲೆ ಸಿಕ್ಕಿದೆ, ಒಂದು ಸಲ ನೋಡಿ ಖಾತ್ರಿ ಮಾಡಿ ಅಂತ ಆಕೆ ಬರೆದಿದ್ದಳು. ನೋಡಿದೆ. ಹೆಸರು ಸರಿ, ಅಪ್ಪ ಅಮ್ಮ ಸರಿ, ಊರು ಸರಿ. ಎಲ್ಲ ಸರಿಯಾಗಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಪುಟವನ್ನು ದೊಡ್ಡದು ಮಾಡಿದೆ. ದಫ್ತರದ ಹೊಲಿಗೆಯ ಸಂದಿನಲ್ಲಿ, ಹೆಸರಿನ ಪಕ್ಕದಲ್ಲಿ, ನೊಣದ ಕಾಲಿನಷ್ಟು ಸಣ್ಣ ಒಂದು ಶಿಲುಬೆ ಇತ್ತು. ಮಗು ಸತ್ತಿದೆ ಅಂತ ಅರ್ಥ. ಎರಡು ವರ್ಷದ ಮುಂದಿನ ಪುಟಕ್ಕೆ ಹೋದರೆ ಅದೇ ಅಪ್ಪ ಅಮ್ಮನಿಗೆ ಇನ್ನೊಂದು ಗಂಡು, ಅದೇ ಹೆಸರು. ಸತ್ತ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಡುವುದು ಆ ಜರ್ಮನರಲ್ಲಿ ರೂಢಿ. ಆ ಮನೆತನ ಇಷ್ಟು ಕಾಲ ಸತ್ತ ಕೂಸನ್ನು ಮೂಲಪುರುಷ ಅಂತ ಹಾಡಿಹೊಗಳಿಕೊಂಡು ಬಂದಿತ್ತು.

ನನಗೆ ಹಿಗ್ಗು. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ವಿವರಿಸಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾತಿನ ನಡುವೆ ರೊಟ್ಟಿಯ ಸದ್ದು ನಿಂತಿತು.

"ಎರಡಕ್ಕೂ ಒಂದ ಹೆಸರಾ?" ಅಂದಳು.

"ಹೂಂನವ್ವಾ. ಅವರಲ್ಲಿ ಹಂಗ ಪದ್ಧತಿ."

"ಆ ತಾಯಿ ಹ್ಯಾಂಗ ಕರದ್ಳೋ ಏನೋ" ಅಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅವ್ವನ ಕೈಯ ರೊಟ್ಟಿ ಹರಿದದ್ದನ್ನು ನಾನು ಕಂಡಿರಲಿಲ್ಲ. ಆಗ ಅದನ್ನು ಗಮನಿಸಿದೆ ಅಷ್ಟೆ, ಮುಂದೆ ಯೋಚಿಸಲಿಲ್ಲ.

ಎಂಟು ದಿನದ ಮೇಲೆ ಹೆಳವ ಬಂದ. ಹೆಳವರು ಅಂದರೆ ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಹೇಳುವವರು. ಇವನ ಅಪ್ಪ ಎತ್ತಿನ ಮೇಲೆ ಕೂತು ಬರುತ್ತಿದ್ದ; ಆಗೆಲ್ಲ ನಾನು ಶಾಲೆಯಲ್ಲೋ ಧಾರವಾಡದಲ್ಲೋ ಇರುತ್ತಿದ್ದೆ, ನಮ್ಮ ಮನೆತನದ್ದನ್ನು ಕೊನೆಯವರೆಗೆ ಕೇಳಿದ್ದಿಲ್ಲ. ಇವನು ಬೈಕಿನ ಮೇಲೆ ಬಂದ, ವಂಶಾವಳಿಯ ವಹಿ ಬಗಲಚೀಲದಲ್ಲಿತ್ತು. ನಾವು ಹಳ್ಳಿಯ ಮನೆ, ಕುರಿ ಹಟ್ಟಿ ಬಿಟ್ಟು ಹಗರಿಬೊಮ್ಮನಹಳ್ಳಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಹುಡುಕಿಕೊಂಡು ಬಂದಿದ್ದ. ಅವ್ವ ಕಂಬಳಿ ಹಾಸಿದಳು. ಅವನು ಕೂತು ಮೂಲದಿಂದ ಶುರು ಮಾಡಿದ. ಯಾವ ಊರಿನಿಂದ ಕುರಿ ಹೊಡೆದುಕೊಂಡು ಬಂದರು, ಯಾವ ದೇವರ ಒಕ್ಕಲು, ಯಾರಿಗೆ ಯಾರು ಮಗ. ನಾನು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದೆ. ಶಿಲುಬೆಯಿಲ್ಲ, ತಾರೀಖಿಲ್ಲ, ಸಾಕ್ಷಿಯಿಲ್ಲ. ಕೇಳುವವರ ಮುಖ ನೋಡಿ ಎರಡು ತಲೆಮಾರು ಸೇರಿಸಿದರೆ ಯಾರಿಗೆ ತಿಳಿಯುತ್ತದೆ?

ಅಜ್ಜನದು ಮುಗಿಸಿ ಅಪ್ಪನ ಹೆಸರಿಗೆ ಬಂದ. "ಇವರಿಗೆ ಹಿರೇಮಗ…" ಅನ್ನುವಷ್ಟರಲ್ಲಿ ಅವ್ವ ಎದ್ದು ನಿಂತಳು.

"ಸಾಕು ಬಿಡಪ್ಪಾ. ಮುಂದಿಂದು ನಮಗ ಗೊತ್ತೈತಿ."

ನಮ್ಮಲ್ಲಿ ಹೆಳವ ಹೇಳುವಾಗ ಯಾರೂ ಬಾಯಿ ಹಾಕುವುದಿಲ್ಲ. ಮಗು ಅತ್ತರೂ ಆಚೆ ಕರೆದುಕೊಂಡು ಹೋಗುತ್ತಾರೆ. ಅಂಥಾದ್ದರಲ್ಲಿ ಅವ್ವ ಅವನ ಮಾತು ಕಡಿದಿದ್ದಳು. ನನ್ನ ಕಿವಿ ನಿಮಿರಿತು. ನಾನು ಒಬ್ಬನೇ ಮಗ. ಒಬ್ಬನೇ ಇದ್ದರೆ 'ಹಿರೇಮಗ' ಅನ್ನುವುದು ಯಾಕೆ? ವಹಿ ಇಸಿದುಕೊಂಡು ನೋಡಿದೆ. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು. ಅದರ ಕೆಳಗಿನ ಸಾಲಿನಲ್ಲಿ ಮತ್ತೆ ನನ್ನ ಹೆಸರು.

ದಫ್ತರ ನಕಲು ಮಾಡುವವರು ಕಣ್ಣು ತಪ್ಪಿ ಒಂದೇ ಸಾಲನ್ನು ಎರಡು ಸಲ ಬರೆಯುವುದು ನಾನು ದಿನಾ ನೋಡುವ ತಪ್ಪು. ಪಂಡಿತನ ಗತ್ತಿನಲ್ಲಿ, "ಯಜಮಾನ್ರ, ಇಲ್ಲಿ ಒಂದ ಸಾಲು ಎರಡು ಸಲ ಬಂದೈತಿ. ಮ್ಯಾಲಿಂದು ಹೊಡದು ಹಾಕ್ರಿ" ಅಂದೆ.

"ನಮ್ಮಪ್ಪ ಬರದದ್ದು ಐತ್ರಿ ಸರ. ಅವ ತಪ್ಪು ಬರಿಯಾವ ಅಲ್ಲ."

"ನಾ ಇಂಥಾವು ಸಾವಿರ ನೋಡೀನ್ರಿ."

ಅವನು ಅವ್ವನ ಮುಖ ನೋಡಿದ. "ಯವ್ವಾ, ಮನಿಯವರು ಹೇಳಿದ್ರ ಹೊಡಿತೀನಿ. ನೀ ಹೇಳಬೇಕು."

ಅವ್ವ ನೆಲ ನೋಡುತ್ತಿದ್ದಳು. "ಅವ ಹೇಳಿದಂಗ ಮಾಡಪ್ಪಾ. ಓದಿದಾವ ಅದಾನ."

ಹೆಳವ ಪೆನ್ನು ತೆಗೆದು ಮೇಲಿನ ಸಾಲಿನ ಮೇಲೆ ಒಂದು ಗೆರೆ ಎಳೆದ. ಅವ್ವ ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿದಳು. ಮತ್ತೆ ಒಳಗೆ ಹೋಗಿ ಇನ್ನೊಂದು ಮೊರ ತಂದಳು. ಒಂದು ಮನೆಗೆ ಒಂದು ಮೊರ ಅನ್ನುವುದು ವಾಡಿಕೆ. ಎರಡು ಯಾಕವ್ವಾ ಅಂದರೆ, "ದೂರದಿಂದ ಬಂದಾನ ಬಿಡು" ಅಂದಳು. ಇಲ್ಲಿಂದ ಹಂಪಸಾಗರ, ಅಲ್ಲಿಂದ ಹಡಗಲಿ ಕಡೆ ಮಾಗಳಕ್ಕೆ ಹೋಗುತ್ತೇನೆ ಅಂತ ಹೇಳಿ ಅವನು ಬೈಕು ಹತ್ತಿದ. ಆ ದಿನ ಅವ್ವ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದಳು. ನಾನು ನಂಬಲಿಲ್ಲ.

ಮರುದಿನದಿಂದ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಅಮೆರಿಕದವರ ಮನೆತನ ಪಕ್ಕಕ್ಕಿಟ್ಟು ನನ್ನ ಮೇಲೆಯೇ ಒಂದು ವರದಿ ಬರೆಯತೊಡಗಿದೆ.

ಮೊದಲನೆಯದು ಶಾಲೆಯ ತಾರೀಖು. ನಮ್ಮ ತರಗತಿಯ ಮುಕ್ಕಾಲು ಹುಡುಗರು ಜೂನ್ ಒಂದಕ್ಕೆ ಹುಟ್ಟಿದವರು, ಅಂದರೆ ಮಾಸ್ತರು ಹುಟ್ಟಿಸಿದವರು. ನನ್ನ ತಾರೀಖು ಹಾಗಿಲ್ಲ. ಆಷಾಢದ ನಡುವಿನ ಯಾವುದೋ ಒಂದು ದಿನ. ಮಾಸ್ತರ ತಲೆಯಿಂದ ಅಂಥ ತಾರೀಖು ಬರುವುದಿಲ್ಲ, ಅದು ಯಾವುದೋ ಕಾಗದ ನೋಡಿ ಬರೆದದ್ದು. ಆದರೆ ಅವ್ವ ಯಾವಾಗಲೂ ಹೇಳುತ್ತಿದ್ದದ್ದು, ನಾನು ಹುಟ್ಟಿದ್ದು ಜೋಳ ಕೊಯ್ದಾದ ಮೇಲೆ, ಗೊಬ್ಬರಕ್ಕೆಂದು ಕುರಿ ಎರೆ ಹೊಲದಲ್ಲಿ ತರುಬಿದ್ದಾಗ ಅಂತ. ಆಷಾಢದಲ್ಲಿ ಯಾವ ಜೋಳ, ಯಾವ ಕೊಯ್ಲು? ಎರಡನೆಯದು, ನಾನು ಒಂದನೇ ತರಗತಿಯಿಂದ ಹತ್ತರವರೆಗೂ ಎಲ್ಲರಿಗಿಂತ ಗಿಡ್ಡ. ಕಬಡ್ಡಿಯಲ್ಲಿ ನನ್ನನ್ನು ಎತ್ತಿ ಗೆರೆಯ ಆಚೆ ಇಟ್ಟು ಬರುತ್ತಿದ್ದರು. ಮೂರನೆಯದು ನನ್ನ ಮೂಗಿನ ಬಲಗಡೆಯ ತೂತು. ಗಂಡು ಹುಡುಗನಿಗೆ ಮೂಗು ಚುಚ್ಚುವುದು ಯಾವಾಗ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಕೂಸು ಉಳಿಯದಿದ್ದರೆ ಮುಂದಿನದನ್ನು ಸಾವಿನ ಕಣ್ಣಿಗೆ ಕುರೂಪ ಮಾಡಲು ಚುಚ್ಚುತ್ತಾರೆ. ಇದನ್ನು ಕೇಳಿದಾಗೆಲ್ಲ ಅವ್ವ, "ಹರಕಿ ಇತ್ತು" ಅಂತ ಮಾತು ಹಾರಿಸಿದ್ದಳು.

ಅಂದರೆ ನನಗಿಂತ ಮೊದಲು ಒಬ್ಬನಿದ್ದ. ಅವನು ಸತ್ತಿದ್ದ. ಅವನ ಹೆಸರು, ಅವನ ಹುಟ್ಟಿದ ದಿನ, ಅವನ ಕಾಗದ ಎಲ್ಲ ನನ್ನ ಮೈಮೇಲೆ ಇತ್ತು. ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಕಾಮಾಲೆ ಕಣ್ಣಿಗೆ ಎಲ್ಲ ಹಳದಿ. ನಾಲ್ಕನೆಯದೊಂದು ನೆನಪಾಯಿತು. ಹಳ್ಳಿಯಲ್ಲಿ ಪಕ್ಕದ ಮನೆಯ ಒಬ್ಬ ಮುದುಕಿ ನನ್ನನ್ನು ಕಂಡಾಗೆಲ್ಲ "ನನ್ನ ಮಗ ಬಂದ" ಅನ್ನುತ್ತಿದ್ದಳು. ದೀಪಾವಳಿಗೆ ಅವಳೇ ಮೊದಲು ತಲೆಗೆ ಎಣ್ಣೆ ಹಚ್ಚಬೇಕು, ಆಮೇಲೆ ಅವ್ವ. "ನಿನ್ನ ಒಂದು ಸೇರು ನುಚ್ಚಿಗೆ ಮಾರೀನಿ" ಅಂತ ನಗುತ್ತಿದ್ದಳು. ಅವಳಿಗೆ ಆರೋ ಏಳೋ ಮಕ್ಕಳು. ಒಂದು ಮನೆಯಲ್ಲಿ ಕೂಸು ಸತ್ತಿದೆ, ಪಕ್ಕದ ಮನೆಯಲ್ಲಿ ಬೇಕಾದಷ್ಟಿವೆ. ಒಂದನ್ನು ಕೊಟ್ಟರೆ, ಇವರು ಸತ್ತವನ ಹೆಸರನ್ನೂ ಕಾಗದವನ್ನೂ ಅದಕ್ಕೆ ಹಚ್ಚಿದರೆ, ಯಾರು ಕೇಳುತ್ತಾರೆ? ಕೂಸು ಉಳಿಯಲೆಂದು ಸುಳ್ಳೇ ಮಾರಿ ಕೊಳ್ಳುವುದು ಒಂದು ಶಾಸ್ತ್ರ ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಶಾಸ್ತ್ರದ ಹೆಸರಿನಲ್ಲಿ ನಿಜವಾಗಿಯೂ ಕೊಟ್ಟಿದ್ದರೆ? ಕೇಳೋಣವೆಂದರೆ ಅಪ್ಪನೂ ಇಲ್ಲ, ಆ ಮುದುಕಿಯೂ ಮಣ್ಣಾಗಿ ಆರು ವರ್ಷ. ಉಳಿದ ಸಾಕ್ಷಿ ಅವ್ವ ಒಬ್ಬಳೇ, ಅವಳ ಮೇಲೆಯೇ ನನಗೆ ಅನುಮಾನ.

ಕನ್ನಡಿ ಮುಂದೆ ನಿಂತು ಅಪ್ಪನ ಫೋಟೋ ಪಕ್ಕಕ್ಕೆ ಹಿಡಿದು ನೋಡಿಕೊಂಡೆ. ಕಿವಿ ಹೋಲುತ್ತಿತ್ತು. ಗದ್ದ ಹೋಲಲಿಲ್ಲ. ಹೆಂಡತಿ ಹಿಂದಿನಿಂದ ಬಂದು, "ಏನ್ರೀ ಇದು? ನಲವತ್ತು ದಾಟಿದ ಮ್ಯಾಲೆ ಅಪ್ಪ ಯಾರಂತ ಹುಡುಕ್ತೀರೇನು? ಹೋಗಿ ಅತ್ತಿನ್ನ ಕೇಳ್ರಿ, ಇಲ್ಲಾಂದ್ರ ಬಿಟ್ಟುಬಿಡ್ರಿ" ಅಂದಳು. ಎರಡಕ್ಕೂ ನನಗೆ ಹೆದರಿಕೆ. ಬಾಯಲ್ಲಿ ಗತ್ತು ಎಷ್ಟಿದ್ದರೂ ಆ ಮೂರು ದಿನ ನಾನು ಅವ್ವನ ಕೈಯಿಂದ ಊಟ ಮಾಡುವಾಗ ಬೇರೆಯವರ ಮನೆಯಲ್ಲಿ ಕೂತ ಹಾಗೆ ಕೂತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಹೇಗೆ ಶುರು ಮಾಡಬೇಕೆಂದು ಬಹಳ ಯೋಚಿಸಿದ್ದೆ, ಬಾಯಿಂದ ಬಂದದ್ದು ಒಂದೇ ಮಾತು.

"ಯವ್ವಾ, ನಾ ಯಾರ ಮಗ?"

ಅವ್ವ ಮೊರ ಕೆಳಗಿಟ್ಟಳು. ಮೊದಲು ಸಿಟ್ಟು ಬಂತು. "ಥೂ ನಿನ್ನ ಬಾಯಿಗೆ. ಎರಡು ದಿನ ಬ್ಯಾನಿ ತಿಂದು ಹಡದೀನಿ, ಯಾರ ಮಗ ಅಂತಾನ!" ಆಮೇಲೆ ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಅಂತ ತಿಳಿಯಿತು. ಜೋಳದಲ್ಲಿ ಕೈಯಾಡಿಸುತ್ತ ಹೇಳತೊಡಗಿದಳು.

"ನಿನಕಿಂತ ಮೊದ್ಲು ಒಬ್ಬ ಇದ್ದ. ಒಂದೂವರಿ ವರ್ಷದಾವ. ಇವತ್ತ ಮಧ್ಯಾಹ್ನ ಮೈ ಸುಟ್ಟಿತು, ನಾಳಿ ಮಧ್ಯಾಹ್ನಕ್ಕ ಇಲ್ಲ. ಕುರಿಮರಿ ಬಾಲ ಹಿಡಕೊಂಡು ಅಡ್ಡಾಡಾಕ ಕಲ್ತಿದ್ದ. ಕರದ್ರ ಓ ಅಂತಿದ್ದ. ಅವ್ವಾ ಅನ್ನಾಕಿನ್ನ ಮೊದ್ಲು ಓ ಅನ್ನಾದು ಕಲ್ತಿದ್ದ."

ಸಾಲುಗಳನ್ನು ಜೋಡಿಸುವ ನನ್ನ ತಲೆ ಆಗ ಕೆಲಸ ಮಾಡಲಿಲ್ಲ.

"ಹೋದ ಮ್ಯಾಲೆ ಬಾಯಿ ತಡೀಲಿಲ್ಲ ನಂದು. ಉಣ್ಣೋ ಹೊತ್ತಿಗೆ ಅಂಗಳಕ್ಕ ಬಂದು ಕರದು ಬಿಡ್ತಿದ್ದೆ. ಹಂಗ ಕರೀಬ್ಯಾಡ, ಹೋದಾವ ಬಾಗಲಿಗೆ ಬಂದು ನಿಲ್ತಾನ ಅಂತ ಅತ್ತಿ ಬೈಯೋಳು. ಮಂದಿ ನನಗ ತಲಿ ಕೆಟ್ಟೈತಿ ಅಂದ್ರು. ಆಮ್ಯಾಲೆ ನೀ ಹುಟ್ಟಿದಿ. ಮೂಗು ಚುಚ್ಚು ಅಂದ್ರು, ಚುಚ್ಚಿಸಿದೆ. ತಿಪ್ಪಿ ಮ್ಯಾಲೆ ಮೊರದಾಗ ಮಲಗಿಸಿ, ಬಾಜೂ ಮನಿಯಾಕಿ ಎತ್ತಿಗೊಂಡು, ನಾ ನುಚ್ಚು ಕೊಟ್ಟು ನಿನ್ನ ಕೊಂಡೆ. ಎಲ್ಲಾ ಕೇಳಿದೆ. ಕಸ, ಕಲ್ಲು ಅಂತ ಏನರ ಹೆಸರಿಡು ಅಂದ್ರು. ಅದೊಂದು ಕೇಳಲಿಲ್ಲ. ತೊಟ್ಲಾಗ ಬಗ್ಗಿ ಅವನ ಹೆಸರ ಕೂಗಿದೆ."

"ಯಾಕವ್ವಾ?"

"ಕರದ್ರ ಯಾರರ ಒಬ್ರು ಓ ಅನ್ನಬೇಕಲ್ಲ ತಮ್ಮಾ."

ಶಾಲೆಗೆ ಸೇರಿಸುವಾಗ ಮಾಸ್ತರು ಕಾಗದ ಕೇಳಿದರಂತೆ. ಮೊದಲನೆಯವನು ಹುಟ್ಟಿದಾಗ ನರ್ಸು ಬರೆದುಕೊಟ್ಟಿದ್ದ ಚೀಟಿ ಟ್ರಂಕಿನಲ್ಲಿತ್ತು, ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಹೆಸರು ಅದೇ, ಅಪ್ಪ ಅದೇ, ಊರು ಅದೇ. ಕೊಟ್ಟಳು. ಮಾಸ್ತರು ಯಾಕೆ ಅನುಮಾನ ಪಡಬೇಕು? ಆ ಪುಣ್ಯಾತ್ಮ ನನ್ನಂಥವನಲ್ಲ. ಅಮೆರಿಕದ ಮನೆತನ ಸತ್ತ ಕೂಸನ್ನು ಬದುಕಿದವನೆಂದು ತಿಳಿದಿತ್ತು. ನಮ್ಮ ಶಾಲೆ ಬದುಕಿದವನನ್ನು ಸತ್ತವನ ಚೀಟಿಯ ಮೇಲೆ ಬರೆದುಕೊಂಡಿತ್ತು. ಎರಡೂವರೆ ವರ್ಷ ಚಿಕ್ಕವನಾದ ನಾನು ಹತ್ತು ವರ್ಷ ಅಣ್ಣನ ವಯಸ್ಸು ಹೊತ್ತುಕೊಂಡು ಅಣ್ಣನ ವಾರಿಗೆಯವರ ಜೊತೆ ಕಬಡ್ಡಿ ಆಡಿದ್ದೆ.

"ಅವಂದು ಏನಾರ ಐತೇನವ್ವಾ? ಫೋಟೋ, ಅಂಗಿ?"

"ಎಲ್ಲಿ ಬರಬೇಕು? ಚೀಟಿನೂ ನಿನಗಾತು. ಅವನ ಮಾತು ಎತ್ತಬ್ಯಾಡ, ನಿನಗ ಕೇಡು ಅಂತ ಎಲ್ಲಾರೂ ಅಂದ್ರು. ಹೆಳವನ ಅಪ್ಪ ಒಬ್ಬ, ಎತ್ತಿನ ಮ್ಯಾಲಿಂದ ಇಳದು, ತಾಯಿ ಎಷ್ಟು ಮಕ್ಕಳು ಅಂದ. ಎರಡು ಅಂದೆ. ಹೆಸರೇನು ಅಂದ. ಎರಡು ಸಲ ಹೇಳಿದೆ. ಯಾಕ ಏನು ಅಂತ ಕೇಳಲಿಲ್ಲ, ಎರಡು ಸಲ ಬರಕೊಂಡ. ಅದೊಂದ ಕಡಿಗೆ ಅವ ಇದ್ದ."

ಲೋಕದಲ್ಲಿ ನನ್ನ ಅಣ್ಣನಿಗಿದ್ದದ್ದು ಒಂದೇ ಸಾಲು. ಅದನ್ನು ನಾನು ನಿಂತು ಹೊಡೆಸಿದ್ದೆ. ಎರಡನೆಯ ಮೊರದ ಜೋಳ ಯಾರ ಪಾಲಿನದು ಅಂತ ಆಗ ತಿಳಿಯಿತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎದ್ದು ಬೈಕಿನ ಚಾವಿ ತೆಗೆದುಕೊಂಡೆ.

ಹಂಪಸಾಗರದಲ್ಲಿ ಅವನು ಇರಲಿಲ್ಲ, ನಿನ್ನೆಯೇ ಹೋದ ಅಂದರು. ಹಡಗಲಿ ದಾಟಿ ಮಾಗಳಕ್ಕೆ ಹೋದೆ. ಹೊಳೆಯ ಕಡೆಯ ಒಂದು ಮನೆಯ ಕಟ್ಟೆಯ ಮೇಲೆ ಕೂತು ವಂಶಾವಳಿ ಹೇಳುತ್ತಿದ್ದ. ನಡುವೆ ಬಾಯಿ ಹಾಕುವಂತಿಲ್ಲ. ಯಾರದೋ ಮನೆತನದ ಒಂಬತ್ತು ತಲೆಮಾರನ್ನು ನಿಂತು ಕೇಳಿದೆ. ಅದರಲ್ಲಿ ಎಳೆಯದರಲ್ಲೇ ಹೋದವರೂ ಇದ್ದರು. ಅವರ ಹೆಸರನ್ನೂ ಅವನು ಅದೇ ರಾಗದಲ್ಲಿ, ಅಷ್ಟೇ ಹೊತ್ತು ತೆಗೆದುಕೊಂಡು ಹೇಳಿದ. ಅವನು ಹೇಳಿದ್ದರಲ್ಲಿ ಒಂದನ್ನೂ ನಾನು ಅನುಮಾನಿಸಲಿಲ್ಲ.

ಮುಗಿದ ಮೇಲೆ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ.

"ಗೊತ್ತಿತ್ರಿ ಸರ. ನಮ್ಮಪ್ಪ ಹೇಳಿದ್ದ."

"ಮತ್ಯಾಕ ಹೊಡದ್ರಿ?"

"ಹಡದಾಕಿ ಹೊಡಿ ಅಂದ ಮ್ಯಾಲೆ ನಾ ಯಾವ ಲೆಕ್ಕರಿ?"

ವಹಿ ತೆಗೆದ. ಎಳೆದ ಗೆರೆ ಅಳಿಸಲು ಬರುವಂತಿರಲಿಲ್ಲ. ಅದರ ಮೇಲಿನ ಸಂದಿನಲ್ಲಿ ಸಣ್ಣಗೆ ಮತ್ತೆ ಬರೆದ. ಈಗ ಅಪ್ಪನ ಕೆಳಗೆ ಆ ಹೆಸರು ಮೂರು ಸಲ ಇದೆ. ನೂರು ವರ್ಷದ ಮೇಲೆ ನನ್ನಂಥ ಒಬ್ಬ ಅತಿಜಾಣ ಈ ಪುಟ ನೋಡಿದರೆ ಹೆಳವ ಕುಡಿದು ಬರೆದಿದ್ದಾನೆ ಅಂದುಕೊಳ್ಳುತ್ತಾನೆ. ಅಂದುಕೊಳ್ಳಲಿ.

ಮರುದಿನ ಅಮೆರಿಕದ ಹೆಂಗಸಿಗೆ ವರದಿ ಮುಗಿಸಿದೆ. ಶೈಶವದಲ್ಲಿ ತೀರಿಕೊಂಡ ಮೊದಲ ಮಗುವನ್ನು ವೃಕ್ಷದಿಂದ ಕೈಬಿಡಬಹುದು ಅಂತ ಬರೆಯುವುದು ನಮ್ಮ ವಾಡಿಕೆ. ಆ ಸಾಲು ಬರೆಯಲಿಲ್ಲ. ಇಬ್ಬರನ್ನೂ ಅಕ್ಕಪಕ್ಕ ಇಟ್ಟೆ. ಒಂದೇ ಹೆಸರು ಎರಡು ಸಲ ಬೇಕೇ ಅಂತ ಆಕೆ ಕೇಳಿದಳು. ಇರಲಿ ಅಂತ ಉತ್ತರ ಕೊಟ್ಟೆ.

ಉತ್ತರ ಕಳಿಸುತ್ತಿದ್ದಾಗಲೇ ಒಳಗಿನಿಂದ ಅವ್ವ ಕೂಗಿದಳು.

"ಓ" ಅಂದೆ, ಮೊದಲ ಕರೆಗೇ.

ಅವ್ವ "ಏನಿಲ್ಲ, ಸುಮ್ನ ಕರದೆ" ಅಂದಳು. ಆಮೇಲೆ ಮೆಲ್ಲಗೆ ಇನ್ನೊಂದು ಸಲ ಕರೆದಳು.

ನಾನು ಇನ್ನೊಂದು ಸಲ ಓ ಅಂದೆ.